ದೇವರ ನ್ಯಾಯತೀರ್ಪು, ದೇವರ ಕರುಣೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಚರ್ಚಿನ ಸಭೆಯಲ್ಲಿ ಹದಿನಾಲ್ಕು ವರ್ಷದಿಂದ ಸಂಡೇ ಸ್ಕೂಲ್ ನಡೆಸುತ್ತಿದ್ದೇನೆ. ಮಕ್ಕಳು ಕೇಳುವುದಕ್ಕೆ ಹೇಗೋ ಉತ್ತರ ಹೇಳಿಬಿಡಬಹುದು. ಕಷ್ಟ ಶುರುವಾಗುವುದು ಪಾಠ ಮುಗಿದ ಮೇಲೆ. ಮಗುವನ್ನು ಕರೆದುಕೊಂಡು ಹೋಗಲು ಬಂದ ಅಪ್ಪನೋ ಅಮ್ಮನೋ ಚಪ್ಪಲಿ ಹಾಕಿಕೊಳ್ಳುತ್ತಾ, ಯಾರಿಗೂ ಕೇಳಿಸದ ಹಾಗೆ, "ಟೀಚರ್, ಒಂದು ಡೌಟು" ಅನ್ನುತ್ತಾರಲ್ಲ, ಆಗ. ಆ ಡೌಟುಗಳಲ್ಲಿ ಮುಕ್ಕಾಲು ಪಾಲು ಒಂದೇ ವಿಷಯದ ಸುತ್ತ ಸುತ್ತುತ್ತವೆ. ಅವನ್ನೇ ಇಲ್ಲಿ ಬರೆದಿಟ್ಟಿದ್ದೇನೆ. ನಾನು ದೇವಶಾಸ್ತ್ರ ಕಾಲೇಜಿಗೆ ಹೋದವಳಲ್ಲ. ಮನೆ ಪ್ರೊಟೆಸ್ಟೆಂಟ್, ಅಮ್ಮನ ತವರು ಕಥೋಲಿಕ. ಹಾಗಾಗಿ ಎರಡೂ ಕಡೆಯ ಮಾತು ಕಿವಿಗೆ ಬಿದ್ದಿದೆ.

ನ್ಯಾಯತೀರ್ಪು ಅಂದರೆ ಶಿಕ್ಷೆ ತಾನೇ?

ಹೆಚ್ಚಿನವರು ಹಾಗೇ ಅಂದುಕೊಂಡಿರುತ್ತಾರೆ. ಯೇಸು ಸ್ವಾಮಿ ಬದುಕಿರುವವರಿಗೂ ಸತ್ತವರಿಗೂ ನ್ಯಾಯ ತೀರಿಸಲು ಮತ್ತೆ ಬರುತ್ತಾರೆ ಅಂತ ಚರ್ಚಿನಲ್ಲಿ ವಿಶ್ವಾಸ ಪ್ರಮಾಣ ಹೇಳುತ್ತೇವೆ. 325ರಲ್ಲಿ ನೈಸಿಯಾದಲ್ಲಿ ಸೇರಿದ ಬಿಷಪರು ಒಪ್ಪಿದ ಮಾತು ಅದು. ಹೇಳುವಾಗ ನಮ್ಮ ದನಿ ತನ್ನಿಂತಾನೇ ತಗ್ಗುತ್ತದೆ.

ಆದರೆ ಬೈಬಲಿನ ಕೀರ್ತನೆ 96 ಮತ್ತು 98 ತೆಗೆದು ನೋಡಿ. ದೇವರು ಭೂಮಿಗೆ ನ್ಯಾಯ ತೀರಿಸಲು ಬರುತ್ತಾನೆ ಅಂತ ಅಲ್ಲಿ ಕಾಡಿನ ಮರಗಳು ಹಾಡುತ್ತವೆ, ನದಿಗಳು ಚಪ್ಪಾಳೆ ತಟ್ಟುತ್ತವೆ. ತೀರ್ಪಿನ ದಿನಕ್ಕೆ ಯಾರಾದರೂ ಚಪ್ಪಾಳೆ ತಟ್ಟುತ್ತಾರಾ? ತಟ್ಟುವವರು ಇದ್ದಾರೆ. ಜಮೀನು ಕಳೆದುಕೊಂಡು, ಫೈಲು ಎದೆಗವಚಿಕೊಂಡು, ಹತ್ತು ವರ್ಷದಿಂದ ತಾಲ್ಲೂಕು ಕೋರ್ಟಿನ ಮೆಟ್ಟಿಲ ಮೇಲೆ ಕೂತ ವಿಧವೆಗೆ, "ಈ ಸಲ ಲಂಚ ಮುಟ್ಟದ ಜಡ್ಜು ಬಂದಿದ್ದಾರೆ" ಅನ್ನುವುದು ಹೆದರಿಕೆಯ ಸುದ್ದಿಯಲ್ಲ. ಕೀರ್ತನೆ ಬರೆದವರು ಆ ಮೆಟ್ಟಿಲ ಮೇಲೆ ಕೂತವರು. ನಾವು ಅದನ್ನು ಜಮೀನು ನುಂಗಿದವರ ಜಾಗದಲ್ಲಿ ಕೂತು ಓದುತ್ತೇವೇನೋ, ಅದಕ್ಕೇ ಭಯ.

ಬೈಬಲಿನಲ್ಲಿ ನ್ಯಾಯತೀರ್ಪು ಅಂದರೆ ಮೊದಲು ಕೆಟ್ಟದ್ದನ್ನು ಸರಿಮಾಡುವುದು. ಶಿಕ್ಷೆ ಅದರ ಒಂದು ಭಾಗ, ಅಷ್ಟೇ.

ತಪ್ಪು ಮಾಡಿದವನನ್ನು ಕರುಣೆ ತೋರಿಸಿ ಬಿಟ್ಟುಬಿಟ್ಟರೆ ಅದು ನ್ಯಾಯ ಹೇಗಾಗುತ್ತದೆ?

ಇದೇ ಪ್ರಶ್ನೆ ಕೇಳಿ ದೇವರ ಮೇಲೆ ಮುನಿಸಿಕೊಂಡ ಒಬ್ಬ ಪ್ರವಾದಿ ಇದ್ದಾನೆ. ಯೋನ. ಸಂಡೇ ಸ್ಕೂಲಿನಲ್ಲಿ ನಾವು ಅವನನ್ನು ನುಂಗಿದ ಮೀನಿನ ಹೊಟ್ಟೆಯ ಚಿತ್ರ ಬಿಡಿಸಿ ಅವನನ್ನು ಅಲ್ಲೇ ಬಿಟ್ಟುಬಿಡುತ್ತೇವೆ. ಆದರೆ ಪುಸ್ತಕ ಇರುವುದು ಮೀನಿನ ಬಗ್ಗೆ ಅಲ್ಲ, ನಿನೆವೆಯ ಬಗ್ಗೆ.

ನಿನೆವೆ ಅಶ್ಶೂರ್ಯರ ದೊಡ್ಡ ಪಟ್ಟಣ. ಇವತ್ತಿನ ಇರಾಕಿನ ಮೊಸುಲ್ ಎದುರಿಗೆ, ಟೈಗ್ರಿಸ್ ನದಿಯ ಆಚೆ ದಡದಲ್ಲಿ ಅದರ ದಿಬ್ಬಗಳು ಈಗಲೂ ಇವೆ. ಅಶ್ಶೂರ್ಯರು ಕ್ರಿ.ಪೂ. 722ರಲ್ಲಿ ಇಸ್ರೇಲಿನ ಉತ್ತರ ರಾಜ್ಯವನ್ನು ಅಳಿಸಿಹಾಕಿದವರು. ನಿನೆವೆಯ ಅರಮನೆಯ ಗೋಡೆಯಿಂದ ತೆಗೆದ ಕಲ್ಲಿನ ಕೆತ್ತನೆಗಳು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಲಾಕೀಷ್ ಎಂಬ ಯೆಹೂದ್ಯರ ಊರನ್ನು ಗೆದ್ದ ದೃಶ್ಯ ಅದು. ಸೆರೆಸಿಕ್ಕವರ ಚರ್ಮ ಸುಲಿಯುವುದನ್ನು ಅಲ್ಲಿ ಹೆಮ್ಮೆಯಿಂದ ಕೆತ್ತಿಸಿದ್ದಾರೆ. ಇಂಥವರ ಊರಿಗೆ ಹೋಗಿ ಸಾರು ಅಂತ ದೇವರು ಅಂದರೆ ಯೋನ ಎದುರು ದಿಕ್ಕಿನ ಹಡಗು ಹತ್ತಿದ್ದರಲ್ಲಿ ಆಶ್ಚರ್ಯ ಏನಿದೆ?

ಕೊನೆಗೆ ಹೋದ. ಮೂಲ ಹೀಬ್ರೂ ಭಾಷೆಯಲ್ಲಿ ಅವನ ಪ್ರಸಂಗ ಐದೇ ಪದ. ಕನ್ನಡದಲ್ಲೂ ಐದೇ ಪದದಲ್ಲಿ ಹೇಳಬಹುದು: ಇನ್ನು ನಲವತ್ತು ದಿನ, ನಿನೆವೆ ಬುಡಮೇಲು. ಪಶ್ಚಾತ್ತಾಪಪಡಿ ಅನ್ನಲಿಲ್ಲ. ಹೀಗೆ ಮಾಡಿದರೆ ಬದುಕುತ್ತೀರಿ ಅನ್ನಲಿಲ್ಲ. ದೇವರ ಹೆಸರನ್ನೂ ಎತ್ತಲಿಲ್ಲ. ಇಷ್ಟು ಕಾಟಾಚಾರದ ಪ್ರಸಂಗ ನಾನು ಇನ್ನೊಂದು ಕೇಳಿಲ್ಲ. ಆದರೂ ಊರಿಗೆ ಊರೇ ಅಲುಗಾಡಿಹೋಯಿತು. ರಾಜ ಸಿಂಹಾಸನ ಬಿಟ್ಟು ಬೂದಿಯಲ್ಲಿ ಕೂತ. ಜನರಿಗಷ್ಟೇ ಅಲ್ಲ, ದನಕುರಿಗಳಿಗೂ ಗೋಣಿತಟ್ಟು ಹೊದಿಸಿದರು. ಮಳೆಗಾಲದಲ್ಲಿ ನಮ್ಮ ಕಡೆ ಗೋಣಿಚೀಲವನ್ನೇ ಕೊಪ್ಪೆ ಮಾಡಿ ತಲೆ ಮೇಲೆ ಹಾಕಿಕೊಂಡು ಗದ್ದೆಗೆ ಹೋಗುತ್ತಿದ್ದರಲ್ಲ, ಆ ಗೋಣಿ. ಎಮ್ಮೆಗೆ ಅದನ್ನು ಹೊದಿಸಿದ್ದನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ.

ಬುಡಮೇಲು ಅಂತ ನಾನು ಹೇಳಿದ ಹೀಬ್ರೂ ಪದಕ್ಕೆ ಎರಡು ಮುಖ ಇದೆ. ಸೊದೋಮ್ ಎಂಬ ಪಟ್ಟಣ ನಾಶವಾದಾಗಲೂ ಅದೇ ಪದ, ಮನುಷ್ಯನ ಹೃದಯ ಬೇರೆಯಾದಾಗಲೂ ಅದೇ ಪದ. ಹಾಗಾಗಿ ಯೋನ ಹೇಳಿದ್ದು ಸುಳ್ಳಾಗಲಿಲ್ಲ. ದೇವರು ಊರನ್ನು ಉಳಿಸಿದ, ಆದರೂ ಊರು ಬುಡಮೇಲಾಯಿತು. ಅವನು ಅಂದುಕೊಂಡ ರೀತಿಯಲ್ಲಿ ಅಲ್ಲ ಅಷ್ಟೇ.

ನನಗೆ ಈ ವಿಷಯದಲ್ಲಿ ಹೇಳುವುದಕ್ಕಿರುವ ಮುಖ್ಯ ಮಾತು ಇದು. ಬೈಬಲಿನಲ್ಲಿ ತೀರ್ಪಿನ ಎಚ್ಚರಿಕೆ ಬರುವುದು ಅದು ನಿಜವಾಗಬೇಕು ಅಂತ ಅಲ್ಲ, ನಿಜವಾಗುವುದು ತಪ್ಪಲಿ ಅಂತ. ಸುಮ್ನೆ ಸುಡಬೇಕೆಂದಿದ್ದರೆ ನಲವತ್ತು ದಿನದ ಗಡುವು ಯಾಕೆ ಕೊಡಬೇಕಿತ್ತು? ಇನ್ನೂ ಒಂದು ಮಾತಿದೆ. ನಿನೆವೆಯವರು ತಮ್ಮ ಕೈಯಲ್ಲಿದ್ದ ಹಿಂಸೆಯನ್ನು ಬಿಟ್ಟರು ಅಂತ ಪುಸ್ತಕ ಹೇಳುತ್ತದೆ. ಹೊಡೆಯುವ ಕೈ ನಿಂತಿತು. ನ್ಯಾಯಕ್ಕೆ ಬೇಕಾಗಿದ್ದೂ ಅದೇ ಅಲ್ವಾ?

ಹಳೇ ಒಡಂಬಡಿಕೆಯ ದೇವರು ಕೋಪಿಷ್ಠ, ಹೊಸ ಒಡಂಬಡಿಕೆಯ ದೇವರು ಪ್ರೀತಿಯವನು. ಹೌದಾ?

ಹಳೇ ಒಡಂಬಡಿಕೆ ಅಂದರೆ ಬೈಬಲಿನಲ್ಲಿ ಯೇಸುವಿಗೆ ಮುಂಚಿನ ಭಾಗ, ಹೊಸದು ಯೇಸುವಿನಿಂದ ಮುಂದಿನದು. ಈ ಪ್ರಶ್ನೆಯಲ್ಲಿರುವುದು ಹಳೇ ಮಾತು. ಎರಡನೇ ಶತಮಾನದಲ್ಲಿ ಮಾರ್ಸಿಯೋನ್ ಎಂಬಾತ ಅವೆರಡೂ ಬೇರೆ ಬೇರೆ ದೇವರು ಅಂತಲೇ ಕಲಿಸಿದ. ರೋಮಿನ ಸಭೆ ಅವನನ್ನು ಹೊರಗೆ ಹಾಕಿತು.

ಹಳೇ ಒಡಂಬಡಿಕೆಯಲ್ಲಿ ದೇವರು ತನ್ನ ಪರಿಚಯ ತಾನೇ ಹೇಳಿಕೊಳ್ಳುವ ಜಾಗ ವಿಮೋಚನಕಾಂಡ 34ನೇ ಅಧ್ಯಾಯ. ಕನಿಕರ, ದಯೆ, ದೀರ್ಘಶಾಂತಿ ಇರುವ ದೇವರು ಅಂತ ಅಲ್ಲಿದೆ. ಆ ದೀರ್ಘಶಾಂತಿಗೆ ಹೀಬ್ರೂ ಭಾಷೆಯಲ್ಲಿ ಇರುವ ಮಾತಿನ ಅಕ್ಷರಶಃ ಅರ್ಥ "ಉದ್ದ ಮೂಗಿನವನು". ಮೊದಲ ಸಲ ಇದನ್ನು ತಿಳಿದಾಗ ನಕ್ಕುಬಿಟ್ಟೆ. ಆಮೇಲೆ ಅನ್ನಿಸಿತು, ಇದು ಕನ್ನಡದವರಿಗೆ ಅರ್ಥವಾಗುವಷ್ಟು ಬೇರೆಯವರಿಗೆ ಆಗಲಿಕ್ಕಿಲ್ಲ. ನಾವು ಸಿಡುಕನನ್ನು "ಅವನಿಗೆ ಮೂಗಿನ ತುದಿಯಲ್ಲೇ ಕೋಪ" ಅನ್ನುತ್ತೇವೆ. ದೇವರ ಮೂಗು ಉದ್ದ, ಕೋಪ ತುದಿಗೆ ಬರುವಷ್ಟರಲ್ಲಿ ತುಂಬಾ ಹೊತ್ತಾಗುತ್ತದೆ.

ಯೋನನ ತಕರಾರು ಕೂಡ ಇದೇ. "ನೀನು ಹೀಗೇ ಅಂತ ಗೊತ್ತಿತ್ತು, ಅದಕ್ಕೇ ನಾನು ಓಡಿಹೋದೆ" ಅಂತ ಈ ವಾಕ್ಯವನ್ನೇ ದೇವರ ಮುಖಕ್ಕೆ ಎಸೆಯುತ್ತಾನೆ. ಇನ್ನು ಹೊಸ ಒಡಂಬಡಿಕೆಯಲ್ಲಿ ನರಕದ ಬಗ್ಗೆ ಜಾಸ್ತಿ ಮಾತಾಡಿದವರು ಯಾರು ಗೊತ್ತಾ? ಯೇಸು ಸ್ವಾಮಿಯೇ.

ಕರುಣೆ ಅಂದರೆ "ಅಯ್ಯೋ ಪಾಪ" ಅನ್ನಿಸುವುದಾ?

ಅಲ್ಲ. ದಾರಿತಪ್ಪಿದ ಮಗ ವಾಪಸ್ ಬರುವ ಕಥೆಯಲ್ಲಿ (ಲೂಕ 15) ಅಪ್ಪ ಅವನನ್ನು ದೂರದಿಂದಲೇ ಕಂಡು ಕನಿಕರಪಟ್ಟ ಅಂತಿದೆ. ಮೂಲ ಗ್ರೀಕ್ ಪದ ಕರುಳು ಅನ್ನುವುದರಿಂದ ಬಂದದ್ದು. ಕರುಳು ಚುರ್ ಅಂದಿತು ಅಂತೀವಲ್ಲ, ಅದೇ. ಹೀಬ್ರೂ ಭಾಷೆಯಲ್ಲಿ ಕರುಣೆಗೆ ಇರುವ ಒಂದು ಪದಕ್ಕೂ ತಾಯಿಯ ಗರ್ಭಕ್ಕೂ ಮೂಲ ಒಂದೇ. ಪಾಪ ಅನ್ನಿಸುವುದು ಮೇಲಿಂದ ಕೆಳಗೆ ನೋಡುವ ನೋಟ. ಕರುಳಿಗೆ ಮೇಲೆ ಕೆಳಗೆ ಇಲ್ಲ.

"ಮಾಡಿದ್ದುಣ್ಣೋ ಮಹಾರಾಯ" ಅನ್ನುತ್ತಾರೆ. ಕ್ರೈಸ್ತರು ಇದನ್ನು ಒಪ್ಪಲ್ವಾ?

ಅರ್ಧ ಒಪ್ಪುತ್ತಾರೆ. ಮನುಷ್ಯ ಏನು ಬಿತ್ತುತ್ತಾನೋ ಅದನ್ನೇ ಕೊಯ್ಯುತ್ತಾನೆ ಅಂತ ಪೌಲನೂ ಗಲಾತ್ಯದವರಿಗೆ ಬರೆದಿದ್ದಾನೆ. ಕುಡಿದು ಲಿವರ್ ಕೆಡಿಸಿಕೊಂಡವನಿಗೆ ದೇವರು ಕ್ಷಮಿಸಿದ ಮಾತ್ರಕ್ಕೆ ಹೊಸ ಲಿವರ್ ಬರುವುದಿಲ್ಲ.

ವ್ಯತ್ಯಾಸ ಇರುವುದು ಲೆಕ್ಕ ಯಾರ ಕೈಯಲ್ಲಿದೆ ಅನ್ನುವುದರಲ್ಲಿ. ಇಲ್ಲಿ ಲೆಕ್ಕ ತನ್ನಷ್ಟಕ್ಕೆ ತಾನೇ ನಡೆಯುವುದಿಲ್ಲ, ಲೆಕ್ಕದ ಪುಸ್ತಕ ಹಿಡಿದು ಒಬ್ಬ ಕೂತಿದ್ದಾನೆ. ಅವನ ಹತ್ತಿರ ಮಾತಾಡಬಹುದು. ಬೇಡಬಹುದು, ಜಗಳವನ್ನೂ ಆಡಬಹುದು. ಇಷ್ಟು ಜನ ಒಳ್ಳೆಯವರಿದ್ದರೆ ಊರನ್ನು ಉಳಿಸು ಅಂತ ಸೊದೋಮಿಗಾಗಿ ಅಬ್ರಹಾಮ ಸಂತೆಯಲ್ಲಿ ಚೌಕಾಸಿ ಮಾಡಿದ ಹಾಗೆ ಐವತ್ತರಿಂದ ಹತ್ತಕ್ಕೆ ಇಳಿಸಿದ್ದು ನೆನಪಿದೆಯಾ?

ದೇವರಿಗೆ ಕ್ಷಮಿಸುವ ಮನಸ್ಸಿದ್ದರೆ ಶಿಲುಬೆ ಯಾಕೆ ಬೇಕಿತ್ತು?

ಒಂದು ಸಾಮತಿಯ, ಅಂದರೆ ಯೇಸು ಹೇಳಿದ ದೃಷ್ಟಾಂತ ಕಥೆಯ ಮೂಲಕ ಹೇಳುತ್ತೇನೆ. ಮತ್ತಾಯ 18ರಲ್ಲಿ ಒಬ್ಬ ಸೇವಕ ರಾಜನಿಗೆ ಹತ್ತು ಸಾವಿರ ತಲಾಂತು ಸಾಲ ಕೊಡಬೇಕಿರುತ್ತದೆ. ಒಂದು ತಲಾಂತು ಅಂದರೆ ಸುಮಾರು 6,000 ದಿನಾರಿ. ಒಂದು ದಿನಾರಿ ಅಂದರೆ ಒಂದು ದಿನದ ಕೂಲಿ. ಗುಣಿಸಿ ನೋಡಿ: 6 ಕೋಟಿ ದಿನದ ಕೂಲಿ. ಭಾನುವಾರವೂ ರಜೆ ಇಲ್ಲದೆ ದುಡಿದರೆ 1,60,000 ವರ್ಷಕ್ಕಿಂತ ಜಾಸ್ತಿ. "ಸ್ವಲ್ಪ ಟೈಮ್ ಕೊಡಿ, ಎಲ್ಲಾ ತೀರಿಸುತ್ತೇನೆ" ಅನ್ನುತ್ತಾನೆ ಆಸಾಮಿ! ಇದನ್ನು ಹೇಳಿದಾಗ ಕೇಳುತ್ತಿದ್ದವರು ನಕ್ಕಿರಬೇಕು.

ರಾಜ ಸಾಲ ಬಿಟ್ಟುಬಿಟ್ಟ. ಆದರೆ ಬಿಟ್ಟ ದುಡ್ಡು ಎಲ್ಲಿಗೆ ಹೋಯಿತು? ಮಾಯವಾಗಲಿಲ್ಲ. ಅದು ರಾಜನ ಖಜಾನೆಗೆ ಬಿದ್ದ ತೂತು. ಕ್ಷಮಿಸುವವನೇ ನಷ್ಟ ಹೊರುತ್ತಾನೆ. ಶಿಲುಬೆಯಲ್ಲಿ ದೇವರು ಆ ನಷ್ಟವನ್ನು ತನ್ನ ಮೈಮೇಲೆ ಹೊತ್ತುಕೊಂಡ ಅನ್ನುವುದು ಕ್ರೈಸ್ತರ ನಂಬಿಕೆ. ಅದು ಹೇಗೆ ಕೆಲಸ ಮಾಡಿತು ಅನ್ನುವುದಕ್ಕೆ ವಿವರಣೆಗಳು ಹಲವು. ಪಶ್ಚಿಮದ ಸಭೆಗಳು ಸಾಲ, ಶಿಕ್ಷೆ, ಪರಿಹಾರ ಅನ್ನುವ ಮಾತುಗಳನ್ನು ಹೆಚ್ಚು ಬಳಸಿದವು. ಪೂರ್ವದ ಆರ್ಥೊಡಾಕ್ಸ್ ಸಭೆಗಳು ಸಾವಿನ ಮೇಲಿನ ಗೆಲುವು, ಕಾಯಿಲೆಗೆ ಮದ್ದು ಅಂತ ಹೆಚ್ಚು ಹೇಳುತ್ತವೆ. ಸಿಟ್ಟು ಬಂದ ಅಪ್ಪ ಯಾರನ್ನಾದರೂ ಹೊಡೆಯಲೇಬೇಕಿತ್ತು, ಸಿಕ್ಕಿದ್ದು ಮಗ ಅನ್ನುವ ಹಾಗೆ ಕೆಲವರು ಬೋಧಿಸುತ್ತಾರೆ. ಅದು ನನಗೆ ಒಪ್ಪಿಗೆಯಿಲ್ಲ. ಹೊತ್ತವನು ದೇವರೇ ಅನ್ನುವುದು ಬಿಟ್ಟುಹೋದರೆ ಕಥೆ ಕೆಟ್ಟುಹೋಗುತ್ತದೆ.

ಅಂದ ಹಾಗೆ, ಸಾಲ ಮಾಫಿಯಾದ ಆ ಸೇವಕ ಹೊರಗೆ ಬಂದು ನೂರು ದಿನಾರಿ ಸಾಲ ಮಾಡಿದ್ದ ಜೊತೆಗಾರನ ಕುತ್ತಿಗೆ ಹಿಡಿದ. ಕಥೆಯಲ್ಲಿ ರಾಜನಿಗೆ ಸಿಟ್ಟು ಬರುವುದು ಅಲ್ಲಿ.

ನರಕ ನಿಜವಾಗಿಯೂ ಇದೆಯಾ?

ಯೇಸು ಬಳಸಿದ ಪದ ಗೆಹೆನ್ನಾ. ಅದು ಯೆರೂಸಲೇಮಿನ ಪಕ್ಕದ ಒಂದು ಕಣಿವೆಯ ಹೆಸರು, ಹಿನ್ನೋಮ್ ಕಣಿವೆ. ಈಗಲೂ ಹೋಗಿ ನೋಡಬಹುದು. ಹಿಂದೆ ಅಲ್ಲಿ ಮಕ್ಕಳನ್ನು ಬೆಂಕಿಗೆ ಬಲಿ ಕೊಡುತ್ತಿದ್ದರು ಅಂತ ಪ್ರವಾದಿ ಯೆರೆಮೀಯ ಸಿಡಿದೆದ್ದಿದ್ದ. ಅದು ಊರ ಕಸ ಸುಡುವ ಜಾಗವಾಗಿತ್ತು ಅಂತ ಪ್ರಸಂಗಗಳಲ್ಲಿ ಕೇಳಿರುತ್ತೀರಿ. ಆ ಮಾತು ಸಿಗುವುದು ಮಧ್ಯಯುಗದ ಬರಹಗಳಲ್ಲಿ, ಯೇಸುವಿನ ಕಾಲದ್ದರಲ್ಲಿ ಅಲ್ಲ. ಅಂದರೆ ಆ ಹೆಸರಿನ ಹಿಂದೆ ಇರುವುದು ದೇವರು ಹಚ್ಚಿದ ಬೆಂಕಿಯಲ್ಲ, ಮನುಷ್ಯರು ತಮ್ಮ ಮಕ್ಕಳಿಗೇ ಹಚ್ಚಿದ ಬೆಂಕಿ. ನನಗೆ ಇದು ಮುಖ್ಯ ಅನ್ನಿಸುತ್ತದೆ.

ನರಕ ಶಾಶ್ವತ ಅನ್ನುವುದು ಬಹುಪಾಲು ಸಭೆಗಳ ಬೋಧನೆ. ಅಲ್ಲಿ ಆತ್ಮ ಕೊನೆಗೆ ಇಲ್ಲವಾಗುತ್ತದೆ ಅನ್ನುವವರಿದ್ದಾರೆ. ದೇವರು ಕೊನೆಗೆ ಎಲ್ಲರನ್ನೂ ತನ್ನ ಕಡೆ ಸೆಳೆದುಕೊಳ್ಳುತ್ತಾನೆ ಅನ್ನುವ ಆಸೆಯೂ ಹಳೆಯದೇ. ನಾಲ್ಕನೇ ಶತಮಾನದ ನಿಸ್ಸಾದ ಗ್ರೆಗೊರಿಯ ಬರಹದಲ್ಲಿ ಅದು ಸಿಗುತ್ತದೆ. ಏಳನೇ ಶತಮಾನದಲ್ಲಿ ಐಸಾಕ್ ಎಂಬ ಸನ್ಯಾಸಿ ಇದ್ದ. ಕೆಲವೇ ತಿಂಗಳು ಬಿಷಪ್ ಆಗಿದ್ದು, ಪಟ್ಟ ಬಿಟ್ಟು ಬೆಟ್ಟಕ್ಕೆ ಹೋದವನು. ಎಲ್ಲಾ ಮನುಷ್ಯರ ಪಾಪ ಸೇರಿಸಿದರೂ ದೇವರ ಕರುಣೆಯ ಮುಂದೆ ಅದು ಸಮುದ್ರಕ್ಕೆ ಬಿದ್ದ ಒಂದು ಹಿಡಿ ಮರಳು ಅಂತ ಬರೆದ. ಅವನು ಯಾವ ಊರಿನ ಬಿಷಪ್ ಗೊತ್ತಾ? ನಿನೆವೆಯ ಬಿಷಪ್.

ಒಮ್ಮೆ ಒಂದು ಮಣ್ಣಿಗೆ ಹೋಗಿದ್ದೆ. ತೀರಿಕೊಂಡವರು ಚರ್ಚಿಗೆ ಅಷ್ಟಾಗಿ ಬರುತ್ತಿರಲಿಲ್ಲ. ಹೊರಗಿನಿಂದ ಬಂದ ಬೋಧಕರೊಬ್ಬರು ಪೆಟ್ಟಿಗೆಯ ಪಕ್ಕದಲ್ಲೇ ನಿಂತು ಇಪ್ಪತ್ತು ನಿಮಿಷ ನರಕದ ಬೆಂಕಿ ವರ್ಣಿಸಿದರು. ಸತ್ತವರ ಹೆಂಡತಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಕೂತಿದ್ದರು. ನರಕ ಇದೆಯೋ ಇಲ್ಲವೋ ಅನ್ನುವ ಚರ್ಚೆ ಎದ್ದಾಗೆಲ್ಲ ನನಗೆ ಆ ಬೆರಳು ನೆನಪಾಗುತ್ತದೆ. ಯಾರು ಅಲ್ಲಿದ್ದಾರೆ ಅಂತ ಹೇಳುವ ಅಧಿಕಾರ ನಮಗೆ ಯಾರೂ ಕೊಟ್ಟಿಲ್ಲ.

ಕಥೋಲಿಕರು ಹೇಳುವ ಶುದ್ಧೀಕರಣ ಸ್ಥಳ ಅಂದರೆ?

ದೇವರ ಸ್ನೇಹದಲ್ಲಿ ಸತ್ತರೂ ಇನ್ನೂ ಪೂರ್ತಿ ಶುದ್ಧವಾಗದವರು ಶುದ್ಧರಾಗುವ ಹಂತ. ಅದು ಎರಡನೇ ಅವಕಾಶವಲ್ಲ, ಅರ್ಧ ನರಕವೂ ಅಲ್ಲ. ನವೆಂಬರ್ 2ರಂದು ಸಮಾಧಿಗಳಿಗೆ ಹೂವು, ಮೇಣದಬತ್ತಿ ಇಟ್ಟು ಪ್ರಾರ್ಥಿಸುವುದು ಇದಕ್ಕೇ. ಪ್ರೊಟೆಸ್ಟೆಂಟರು ಇದನ್ನು ಒಪ್ಪುವುದಿಲ್ಲ. ಅಮ್ಮ ಮಾತ್ರ ಮದುವೆಯಾಗಿ ನಲವತ್ತು ವರ್ಷವಾದರೂ ಆ ದಿನ ತವರಿಗೆ ಹೋಗುವುದು ಬಿಟ್ಟಿಲ್ಲ.

ಸಾಯುವ ಮುಂಚೆ "ಕ್ಷಮಿಸು" ಅಂದರೆ ಸಾಕಾ?

ಯೇಸುವಿನ ಪಕ್ಕದ ಶಿಲುಬೆಯ ಕಳ್ಳನಿಗೆ ಸಾಕಾಯಿತು. ಆದರೆ ಕೊನೆಗೆ ಹೇಳಿದರಾಯ್ತು ಅಂತ ಅವನೇನು ಪ್ಲಾನ್ ಮಾಡಿಕೊಂಡು ಬಂದಿರಲಿಲ್ಲ.

ಭೂಕಂಪ, ಸುನಾಮಿ, ಕ್ಯಾನ್ಸರ್ ಇವೆಲ್ಲ ದೇವರ ತೀರ್ಪಾ?

2004ರ ಡಿಸೆಂಬರ್ 26, ಕ್ರಿಸ್ಮಸ್ ಮಾರನೇ ದಿನ ಭಾನುವಾರ. ಸುನಾಮಿ ಬಂದಾಗ ತಮಿಳುನಾಡಿನ ವೇಳಾಂಕಣಿಯ ಸಮುದ್ರ ದಂಡೆಯಲ್ಲಿ ಯಾತ್ರೆಗೆ ಬಂದವರೇ ಎಷ್ಟೋ ಜನ ತೀರಿಹೋದರು. ನಮ್ಮ ಕಡೆಯಿಂದಲೂ ವರ್ಷ ವರ್ಷ ಜನ ಹೋಗುವ ಊರು ಅದು. ಮರಿಯ ಮಾತೆಯ ದರ್ಶನಕ್ಕೆ ಬಂದವರ ಮೇಲೆ ದೇವರು ತೀರ್ಪು ಕಳಿಸಿದ ಅಂತ ಹೇಳಲು ಬಾಯಿ ಹೇಗೆ ಬರುತ್ತದೆ?

ಯೇಸು ಸ್ವಾಮಿಯೇ ಈ ಪ್ರಶ್ನೆ ಎತ್ತಿದ್ದಾರೆ. ಸಿಲೋವದ ಗೋಪುರ ಕುಸಿದು 18 ಜನ ಸತ್ತಿದ್ದರು. ಅವರು ಉಳಿದವರಿಗಿಂತ ಹೆಚ್ಚು ಪಾಪಿಗಳಾ? ಇಲ್ಲ ಅಂತ ನೇರವಾಗಿ ಹೇಳಿದರು. ಸತ್ತವರ ಲೆಕ್ಕ ಬಿಡಿ, ನಿಮ್ಮ ಬದುಕು ತಿದ್ದಿಕೊಳ್ಳಿ ಅಂದು, ತಕ್ಷಣ ಒಂದು ಅಂಜೂರದ ಮರದ ಕಥೆ ಹೇಳಿದರು. ಮೂರು ವರ್ಷದಿಂದ ಹಣ್ಣಿಲ್ಲ. ಕಡಿದುಹಾಕು ಅನ್ನುತ್ತಾನೆ ಯಜಮಾನ. ಇದೊಂದು ವರ್ಷ ಬಿಡಿ ಸ್ವಾಮಿ, ಸುತ್ತ ಅಗೆದು ಗೊಬ್ಬರ ಹಾಕುತ್ತೇನೆ ಅನ್ನುತ್ತಾನೆ ತೋಟದವನು.

ಇದನ್ನು ಓದುವಾಗ ನಮ್ಮ ಹಿತ್ತಲಿನ ಹಲಸಿನ ಮರ ಕಣ್ಣಿಗೆ ಬರುತ್ತದೆ. ಎಂಟು ವರ್ಷವಾದರೂ ಒಂದು ಕಾಯಿ ಬಿಟ್ಟಿರಲಿಲ್ಲ. ಒಂದು ದಿನ ತಾತ ಕತ್ತಿ ಹಿಡಿದು ಬಂದು, ಬೆನ್ನ ಕಡೆಯಿಂದ ಕಾಂಡಕ್ಕೆ ಪಟಾರನೆ ಹೊಡೆದು, "ನಿನ್ನನ್ನು ಕಡಿದು ಸೌದೆ ಮಾಡ್ತೀನಿ" ಅಂತ ಗದರಿದರು. ಅಜ್ಜಿ ಅಡುಗೆಮನೆ ಬಾಗಿಲಿನಿಂದಲೇ "ಅಯ್ಯೋ ಬಿಡಿ ಅಂದ್ರೆ, ಮುಂದಿನ ವರ್ಷ ಬಿಡುತ್ತೆ, ನಾನು ಗೊಬ್ಬರ ಹಾಕ್ತೀನಿ" ಅಂದರು. ತಾತ ಕತ್ತಿ ಇಳಿಸಿದರು. ನಾನು ಹೆದರಿ ಅತ್ತಿದ್ದೆ. ಕತ್ತಿಯ ಬಾಯಿ ಮರಕ್ಕೆ ತಾಗಲೇ ಇಲ್ಲ ಅನ್ನುವುದು ಹೊಳೆದದ್ದು ದೊಡ್ಡವಳಾದ ಮೇಲೆ.

ಮರ ಆಮೇಲೆ ಕಾಯಿ ಬಿಟ್ಟಿತಾ ಅಂತ ಮಕ್ಕಳು ಕೇಳುತ್ತಾರೆ. ನಮ್ಮದು ಬಿಟ್ಟಿತು. ಯೇಸುವಿನ ಕಥೆಯಲ್ಲಿ ಅದನ್ನು ಹೇಳಿಲ್ಲ.

ಕ್ರೈಸ್ತರಲ್ಲದವರ ಗತಿ ಏನು?

ಈ ಪ್ರಶ್ನೆ ಕೇಳುವವರ ಮನೆಯಲ್ಲಿ ಹೆಚ್ಚಾಗಿ ಒಬ್ಬ ಹಿಂದೂ ಅಜ್ಜಿಯೋ ಮುಸ್ಲಿಂ ಸ್ನೇಹಿತನೋ ಇರುತ್ತಾರೆ. ಯೇಸುವನ್ನು ಬಾಯಿಬಿಟ್ಟು ಒಪ್ಪದೆ ರಕ್ಷಣೆಯಿಲ್ಲ ಅನ್ನುವ ಸಭೆಗಳಿವೆ. ತಮ್ಮ ತಪ್ಪಿಲ್ಲದೆ ಕ್ರಿಸ್ತನನ್ನು ತಿಳಿಯದೆ, ಮನಸ್ಸಾಕ್ಷಿಯಂತೆ ದೇವರನ್ನು ಹುಡುಕುವವರಿಗೂ ರಕ್ಷಣೆ ಸಾಧ್ಯ ಅಂತ ಕಥೋಲಿಕ ಸಭೆ ಎರಡನೇ ವ್ಯಾಟಿಕನ್ ಮಹಾಸಭೆಯಲ್ಲಿ, 1964ರಲ್ಲಿ ಹೇಳಿತು.

ನಾನು ಮತ್ತಾಯ 25 ತೋರಿಸುತ್ತೇನೆ. ಕೊನೆಯ ತೀರ್ಪಿನ ದಿನ ಕೇಳುವ ಪ್ರಶ್ನೆಗಳು ಅಲ್ಲಿ ಮೊದಲೇ ಔಟ್ ಆಗಿವೆ: ಹಸಿದಾಗ ಊಟ ಕೊಟ್ಟೆಯಾ, ಜೈಲಿನಲ್ಲಿದ್ದಾಗ ನೋಡಲು ಬಂದೆಯಾ? ತಮಾಷೆ ಅಂದರೆ, ಪಾಸಾದವರಿಗೂ ಆಶ್ಚರ್ಯ, ಫೇಲಾದವರಿಗೂ ಆಶ್ಚರ್ಯ.

ಕ್ಷಮಿಸಬೇಕು ಅಂದರೆ ಪೊಲೀಸ್ ಕಂಪ್ಲೇಂಟ್ ಕೊಡಬಾರದಾ?

ಕೊಡಿ. ಮನೆಯಲ್ಲಿ ಹೊಡೆತ ತಿನ್ನುವ ಹೆಂಗಸಿಗೆ, ಯಾರೋ ದೊಡ್ಡವರಿಂದ ಹಿಂಸೆಗೆ ಒಳಗಾದ ಮಗುವಿಗೆ "ಕ್ಷಮಿಸಿಬಿಡು, ಸಭೆಯ ಮಾನ ಹೋಗುತ್ತೆ" ಅನ್ನುವವರನ್ನು ಕಂಡಿದ್ದೇನೆ. ಅದು ಕರುಣೆಯಲ್ಲ, ತೀರ್ಪನ್ನು ಮುಚ್ಚಿಹಾಕುವುದು.

ಸಿಸ್ಟರ್ ರಾಣಿ ಮರಿಯಾ ಕೇರಳದವರು. ಮಧ್ಯಪ್ರದೇಶದಲ್ಲಿ ಸಾಲದಲ್ಲಿ ಸಿಕ್ಕಿಬಿದ್ದ ಬಡ ಕೂಲಿಕಾರರ ಪರ ಕೆಲಸ ಮಾಡುತ್ತಿದ್ದರು. 1995ರ ಫೆಬ್ರವರಿ 25ರಂದು ಬಸ್ಸಿನಲ್ಲೇ ಅವರನ್ನು ಚಾಕುವಿನಿಂದ ಇರಿದು ಕೊಂದರು. ಇರಿದವನಿಗೆ ಕೋರ್ಟು ಜೀವಾವಧಿ ಶಿಕ್ಷೆ ಕೊಟ್ಟಿತು. ಅವರ ತಂಗಿಯೂ ಕನ್ಯಾಸ್ತ್ರೀ, ಸೆಲ್ಮಿ ಪೌಲ್. ಆಕೆ ಜೈಲಿಗೆ ಹೋಗಿ ಅಕ್ಕನನ್ನು ಕೊಂದ ಆ ಕೈಗೆ ರಾಖಿ ಕಟ್ಟಿದರು. ಬಿಡುಗಡೆಯಾದ ಮೇಲೆ ಅವನು ಕೇರಳಕ್ಕೆ ಹೋಗಿ ರಾಣಿ ಮರಿಯಾ ಅವರ ತಾಯಿಯನ್ನು ಕಂಡ. 2017ರಲ್ಲಿ ಇಂದೋರಿನಲ್ಲಿ ರಾಣಿ ಮರಿಯಾ ಅವರನ್ನು ಪುನೀತೆ (ಸಂತ ಪದವಿಗೆ ಹಿಂದಿನ ಹಂತ) ಎಂದು ಸಾರಲಾಯಿತು. ಇಲ್ಲಿ ರಾಖಿ ಕೋರ್ಟಿನ ಕೆಲಸ ತಡೆಯಲಿಲ್ಲ, ಕೋರ್ಟು ರಾಖಿಯನ್ನು ತಡೆಯಲಿಲ್ಲ. ನನ್ನಿಂದ ಇದು ಆಗುತ್ತಿತ್ತಾ ಅಂತ ಕೇಳಬೇಡಿ.

ಯೋನನಿಗೆ ಕೊನೆಗೆ ಸಿಟ್ಟು ಇಳಿಯಿತಾ?

ಅವನು ಊರ ಹೊರಗೆ ಚಪ್ಪರ ಹಾಕಿಕೊಂಡು ಕೂತ, ಈಗಲಾದರೂ ಬೆಂಕಿ ಬೀಳುತ್ತದಾ ಅಂತ ಕಾಯುತ್ತಾ. ದೇವರು ಒಂದು ಗಿಡ ಬೆಳೆಸಿ ನೆರಳು ಕೊಟ್ಟ. ಅದು ಯಾವ ಗಿಡ ಅಂತ ಪಂಡಿತರಲ್ಲಿ ಇನ್ನೂ ಒಮ್ಮತವಿಲ್ಲ. ಹರಳು ಗಿಡ ಅನ್ನುವವರಿದ್ದಾರೆ, ಸೋರೆ ಬಳ್ಳಿ ಅನ್ನುವವರಿದ್ದಾರೆ. ಸುಮಾರು ಸಾವಿರದ ಆರುನೂರು ವರ್ಷದ ಹಿಂದೆ ಉತ್ತರ ಆಫ್ರಿಕಾದ ಒಂದು ಸಭೆಯಲ್ಲಿ ಹೊಸ ಅನುವಾದ ಓದಿ ಗಿಡದ ಹೆಸರು ಬದಲಾಯಿಸಿದ್ದಕ್ಕೆ ಜನ ಗಲಾಟೆಯನ್ನೇ ಎಬ್ಬಿಸಿದ್ದರು. ಯೋನನ ಕಥೆಗೆ ಬಂದರೆ, ಮಾರನೇ ದಿನ ಹುಳ ಕೊರೆದು ಗಿಡ ಒಣಗಿತು. ಬಿಸಿಲಿಗೆ ತಲೆ ಸುಟ್ಟು ಯೋನ ಸಾಯುತ್ತೇನೆ ಅಂದ.

ಆಗ ದೇವರು ಕೇಳಿದ: ನೀನು ನೆಡದ, ನೀರು ಹಾಕದ, ಒಂದು ರಾತ್ರಿಯ ಗಿಡಕ್ಕೆ ನಿನಗೆ ಇಷ್ಟು ಸಂಕಟ. ಎಡಗೈ ಬಲಗೈ ತಿಳಿಯದ 1,20,000ಕ್ಕೂ ಹೆಚ್ಚು ಜನ ಇರುವ ಊರಿಗಾಗಿ ನಾನು ಸಂಕಟಪಡಬಾರದಾ?

ಯೋನ ಏನು ಹೇಳಿದ ಅಂತ ಬರೆದಿಲ್ಲ. ಪುಸ್ತಕ ಆ ಪ್ರಶ್ನೆಯಲ್ಲೇ ನಿಲ್ಲುತ್ತದೆ. ಅಲ್ಲ, ಅದಕ್ಕೆ ಇನ್ನೊಂದು ಬಾಲ ಇದೆ. ಅಷ್ಟು ಜನ ಅಂದ ಮೇಲೆ ದೇವರು ಸೇರಿಸುತ್ತಾನೆ: ಮತ್ತೆ ಆ ದನಕರುಗಳೂ ಇವೆಯಲ್ಲಾ.